ಬಚ್ಚಲುಮನೆಯ ಗೋಡೆಗೆ ಗೂಡು ಕೊರೆಸುವ ಮುನ್ನ

ಅತ್ತೆಯವರ ಬೀರುವಿನಿಂದ ಮೊದಲು ಬಂದದ್ದು ವಾಸನೆ. ಕಳೆದ ವರ್ಷ ಗೌರಿ ಹಬ್ಬದ ಹಿಂದಿನ ದಿನ ರೇಷ್ಮೆ ಸೀರೆ ತೆಗೆಯಲು ಹೋದವರು, "ಏನೋ ಮುಗ್ಗಲು ವಾಸನೆ, ಸ್ವಲ್ಪ ಬಂದು ನೋಡಮ್ಮ" ಎಂದು ಕರೆದರು. ಕೆಳಗಿನ ಅರೆಯಲ್ಲಿದ್ದ ಸೀರೆಗಳನ್ನು ಒಂದೊಂದಾಗಿ ಎತ್ತಿದೆ. ಗೋಡೆಯ ಕಡೆಗಿದ್ದ ಮಡಿಕೆಗಳ ಮೇಲೆಲ್ಲ ಬೂದುಬಣ್ಣದ ಬೂಷ್ಟು. ಅದರಲ್ಲಿ ಅವರ ಧಾರೆ ಸೀರೆಯೂ ಇತ್ತು. ಬೀರುವನ್ನು ಮುಂದಕ್ಕೆ ಎಳೆಸಿ ನೋಡಿದರೆ ಹಿಂದಿನ ಗೋಡೆಯ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತ್ತು. ಬೆರಳು ತಾಗಿಸಿದಲ್ಲೆಲ್ಲ ಬಿಳಿಯ ಉಪ್ಪು ಉದುರಿತು. ಆ ಗೋಡೆಯ ಆಚೆಗಿರುವುದು ಅದಕ್ಕೆ ಎಂಟು ತಿಂಗಳ ಮೊದಲು ನಾವು ಹೊಸದಾಗಿ ಮಾಡಿಸಿದ ಬಚ್ಚಲುಮನೆ. ಬೀರುವಿನ ನೇರಕ್ಕೆ, ಷವರ್ ಪಕ್ಕದಲ್ಲಿ, ಶಾಂಪೂ ಸೋಪು ಇಡಲೆಂದು ನಾನೇ ಆಸೆಪಟ್ಟು ಕೊರೆಸಿದ ಗೂಡು.

ಮನೆ ಕಟ್ಟಿಸುವವರು, ಹಳೆಯ ಬಚ್ಚಲನ್ನು ಹೊಸದು ಮಾಡಿಸುವವರು ಈಗ ಎಲ್ಲರೂ ಈ ಗೂಡು ಕೇಳುತ್ತಿದ್ದಾರೆ. ದಯವಿಟ್ಟು ನಮ್ಮ ಮನೆಯಲ್ಲಿ ನಡೆದದ್ದನ್ನು ಒಮ್ಮೆ ಓದಿ, ಆಮೇಲೆ ಮೇಸ್ತ್ರಿಗೆ ಹೇಳಿ.

ನಮ್ಮದು ಮೈಸೂರಿನಲ್ಲಿ ಮಾವನವರು ಮೂವತ್ತು ವರ್ಷಗಳ ಹಿಂದೆ ಕಟ್ಟಿಸಿದ ಮನೆ. ಅತ್ತೆಯವರಿಗೆ ಎಪ್ಪತ್ತನಾಲ್ಕು ವರ್ಷ. ಹಳೆಯ ನೆಲ ಜಾರುತ್ತಿತ್ತು ಎನ್ನುವುದಕ್ಕಾಗಿಯೇ ಬಚ್ಚಲುಮನೆಯನ್ನು ಪೂರ್ತಿ ಒಡೆಸಿ, ಜಾರದ ಟೈಲ್ಸ್, ಹಿಡಿದುಕೊಳ್ಳಲು ಕಂಬಿ, ಷವರ್ ಎಲ್ಲ ಹಾಕಿಸಿದೆವು. ಗುತ್ತಿಗೆದಾರರು ಆರಂಭದಲ್ಲಿ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿದರು ಎಂದು ಹೇಳಲೇಬೇಕು. ನೆಲಕ್ಕೂ, ಷವರ್ ಇರುವ ಕಡೆಯ ಗೋಡೆಗಳಿಗೆ ಆರು ಅಡಿ ಎತ್ತರದವರೆಗೂ ನೀರು ತಡೆಯುವ ಲೇಪನವನ್ನು ಎರಡು ಸಲ ಬಳಿಸಿದರು. ಬಾಗಿಲಿಗೆ ಸಣ್ಣ ಕಟ್ಟೆ ಕಟ್ಟಿ ನೆಲದ ಮೇಲೆ ಎರಡು ದಿನ ನೀರು ನಿಲ್ಲಿಸಿದರು. ನಾನು ನೀರಿನ ಮಟ್ಟಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು, ಬೆಳಿಗ್ಗೆ ಸಂಜೆ ನೋಡಿ ಬರುತ್ತಿದ್ದೆ. ಮಟ್ಟ ಹೆಚ್ಚುಕಡಿಮೆ ಹಾಗೆಯೇ ನಿಂತಿತ್ತು. ಇನ್ನು ಚಿಂತೆಯಿಲ್ಲ ಎಂದುಕೊಂಡೆವು.

ತಪ್ಪು ನಡೆದದ್ದು ಅದಾದ ಮೂರು ದಿನಕ್ಕೆ. ಟೈಲ್ಸ್ ಕೂರಿಸುವ ಹುಡುಗ ಎದುರಿನ ಗೋಡೆ ಮುಗಿಸುತ್ತಿದ್ದ. ನಾನು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, "ಈ ಗೋಡೆಯಲ್ಲಿ ಹೀಗೊಂದು ಗೂಡು ಮಾಡಲು ಆಗುತ್ತದೆಯೇ?" ಎಂದು ಕೇಳಿದೆ. ಅತ್ತೆಯವರು ಸೋಪಿಗಾಗಿ ಬಗ್ಗುವುದು ತಪ್ಪಲಿ ಎನ್ನುವುದು ನನ್ನ ಯೋಚನೆ. "ಅರ್ಧ ದಿನದ ಕೆಲಸ ಅಕ್ಕ, ಮಾಡಿಬಿಡುತ್ತೇನೆ" ಎಂದ. ಕತ್ತರಿಸುವ ಯಂತ್ರ ಹಿಡಿದು ಎರಡು ಅಡಿ ಅಗಲ, ಒಂದು ಅಡಿ ಎತ್ತರಕ್ಕೆ ಗೋಡೆ ಕೊರೆದ. ಉಳಿ, ಸುತ್ತಿಗೆಗಳಿಂದ ಇಟ್ಟಿಗೆ ಬಿಡಿಸಿದ. ಎರಡು ಸಲ ಬಳಿದ ಲೇಪನವನ್ನು ನೀರು ಹೆಚ್ಚು ಬೀಳುವ ಜಾಗದಲ್ಲೇ ನಾವು ಕೈಯಾರೆ ಕಿತ್ತು ಹಾಕಿದ್ದೆವು. ಗೂಡಿನ ಒಳಮೈಗೆ ಮತ್ತೆ ಲೇಪನ ಬಳಿಯಬೇಕು ಎಂದು ಆ ಹುಡುಗನಿಗೂ ಹೊಳೆಯಲಿಲ್ಲ, ಸಂಜೆ ಬಂದ ಗುತ್ತಿಗೆದಾರರಿಗೂ ಹೊಳೆಯಲಿಲ್ಲ, ನನಗೆ ಹಾಗೊಂದು ವಿಷಯ ಇದೆಯೆಂದೇ ಗೊತ್ತಿರಲಿಲ್ಲ. ಲೇಪನವಿಲ್ಲದ ಬರಿಯ ಇಟ್ಟಿಗೆಯ ಮೇಲೆ ಗಾರೆ ಮೆತ್ತಿ ಅದರ ಮೇಲೆ ಟೈಲ್ಸ್ ಅಂಟಿಸಿದರು.

ಟೈಲ್ಸ್ ಹಾಕಿದ ಮೇಲೆ ನೀರು ಒಳಗೆ ಹೋಗುವುದೇ ಇಲ್ಲ ಎಂದು ನಾನು ನಂಬಿದ್ದೆ. ನನ್ನ ಹಾಗೆಯೇ ನಂಬಿದವರು ಬಹಳ ಜನ ಇದ್ದಾರೆ. ವಿಟ್ರಿಫೈಡ್ ಟೈಲ್ ಎಂಬುದೇನೋ ನೀರನ್ನು ತೀರ ಕಡಿಮೆ ಹೀರುತ್ತದೆ. ತನ್ನ ತೂಕದ ಶೇಕಡ 0.5ಕ್ಕಿಂತಲೂ ಕಡಿಮೆ. ಆದರೆ ಎರಡು ಟೈಲ್‌ಗಳ ನಡುವಿನ ಸಂದಿಗೆ ತುಂಬುವುದು ಸಿಮೆಂಟಿನ ಪುಡಿ, ಅದು ನೀರು ಕುಡಿಯುತ್ತದೆ. ದಿನವೂ ನಾಲ್ಕು ಜನ ಸ್ನಾನ ಮಾಡುವ ಮನೆಯಲ್ಲಿ ಆ ಸಂದು ಪೂರ್ತಿ ಒಣಗುವುದೇ ಇಲ್ಲ. ನಿಜವಾಗಿ ನೀರನ್ನು ತಡೆಯುವುದು ಟೈಲ್ಸ್ ಹಿಂದೆ ಕಣ್ಣಿಗೆ ಕಾಣದೆ ಇರುವ ಲೇಪನ. ಗೋಡೆಯಲ್ಲಿ ನೀರು ಹಾಗೆಯೇ ಕೆಳಗೆ ಜಾರಿಹೋಗುತ್ತದೆ. ಗೂಡಿನ ತಳದಲ್ಲಿ ಮಾತ್ರ ನಿಲ್ಲುತ್ತದೆ. ಹಾಗಾಗಿ ಲೇಪನ ಅತಿ ಮುಖ್ಯವಾಗಿ ಬೇಕಾದ ಜಾಗವೇ ಗೂಡು.

ಎರಡನೆಯದು ಗೋಡೆಯ ದಪ್ಪ. ನಮ್ಮ ಹಳೆಯ ಊರಿನ ಮನೆಯಲ್ಲಿ ಎರಡು ಅಡಿ ದಪ್ಪದ ಮಣ್ಣಿನ ಗೋಡೆಗಳಿದ್ದವು. ದೀಪದ ಗೂಡು, ಬಚ್ಚಲಲ್ಲಿ ಸೀಗೆಪುಡಿಯ ಡಬ್ಬಿ ಇಡುವ ಗೂಡು ಎಷ್ಟು ಆಳ ಇದ್ದರೂ ಅದರ ಹಿಂದೆ ಇನ್ನೊಂದು ಅಡಿ ಗೋಡೆ ಉಳಿಯುತ್ತಿತ್ತು. ಈಗಿನ ಮನೆಯಲ್ಲಿ ಕೋಣೆಗಳ ನಡುವೆ ಇರುವುದು ನಾಲ್ಕೂವರೆ ಇಂಚಿನ ಇಟ್ಟಿಗೆ, ಎರಡೂ ಕಡೆ ಅರ್ಧರ್ಧ ಇಂಚು ಗಾರೆ. ನಾಲ್ಕು ಇಂಚು ಆಳ ಕೊರೆದ ಮೇಲೆ ಉಳಿಯುವುದು ಒಂದೂವರೆ ಇಂಚು. ಸುತ್ತಿಗೆಯ ಪೆಟ್ಟಿಗೆ ಆಚೆಯ ಗಾರೆ ಸೀಳು ಬಿಟ್ಟಿತ್ತು. ಬೀರು ಅಡ್ಡ ಇದ್ದುದರಿಂದ ಅದು ಯಾರಿಗೂ ಕಾಣಲಿಲ್ಲ. ಎರಡು ಅಡಿ ಅಗಲದ ಬಾಯಿಯ ಮೇಲಿನ ಇಟ್ಟಿಗೆ ಸಾಲಿಗೆ ಆಧಾರವಾಗಿ ಒಂದು ಕಲ್ಲನ್ನೂ ಅಡ್ಡ ಕೊಟ್ಟಿರಲಿಲ್ಲ.

ಇಷ್ಟಾದರೂ ಕೆಲಸ ಮುಗಿದ ದಿನ ಗೂಡು ನೋಡಲು ಬಹಳ ಚೆನ್ನಾಗಿತ್ತು. ಟೈಲ್‌ಗಳ ಅಂಚನ್ನು 45 ಡಿಗ್ರಿಗೆ ಓರೆಯಾಗಿ ಕೊಯ್ದು ಮೂಲೆಗಳನ್ನು ಕೂಡಿಸಿದ್ದರು. ಮನೆಗೆ ಬಂದ ನೆಂಟರೆಲ್ಲ ಹೊಗಳಿದರು. ಆ ಅಂದದ ಒಳಗೇ ಮೂರು ದೋಷಗಳಿದ್ದವು. ಅಂಚನ್ನು ಚಾಕುವಿನಷ್ಟು ಚೂಪಾಗಿ ಕೊಯ್ದದ್ದರಿಂದ ಅಲ್ಲಲ್ಲಿ ಚಕ್ಕೆ ಎದ್ದು, ಅದನ್ನು ಬಿಳಿ ಸಿಮೆಂಟಿನಿಂದ ಮುಚ್ಚಿದ್ದರು. ಕೆಲವೇ ತಿಂಗಳಲ್ಲಿ ಅದು ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ತಳಕ್ಕೆ ರಸಮಟ್ಟ ಇಟ್ಟು ಸರಿಯಾಗಿ ಸಮತಟ್ಟು ಮಾಡಿದ್ದರು, ಮುಂದಕ್ಕೆ ವಾಟ ಕೊಟ್ಟಿರಲಿಲ್ಲ. ಸ್ನಾನವಾದ ಒಂದು ಗಂಟೆಯ ಮೇಲೂ ಬಾಟಲಿಗಳ ಹಿಂದೆ ನೀರು ನಿಂತಿರುತ್ತಿತ್ತು. ಇನ್ನು ಕೆಲಸ ಒಪ್ಪಿಸುವ ದಿನ ಸಿಮೆಂಟಿನ ಕಲೆ ಹೋಗಲೆಂದು ಗೋಡೆಗೆಲ್ಲ ಆ್ಯಸಿಡ್ ಹಾಕಿ ಉಜ್ಜಿದರು. ಅದು ಕಲೆಯ ಜೊತೆಗೆ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ನಮ್ಮ ಕಡೆ ಇದು ಎಲ್ಲರೂ ಮಾಡುವ ವಾಡಿಕೆ. ದಯವಿಟ್ಟು ಮಾಡಲು ಬಿಡಬೇಡಿ.

ತೇವ ಕಂಡ ಮೇಲೆ ನಾವು ಎರಡು ತಿಂಗಳು ತಪ್ಪು ದಾರಿಯಲ್ಲಿ ಅಲೆದೆವು. ಮೊದಲು ಪ್ಲಂಬರ್ ಬಂದರು. ಗೋಡೆಯೊಳಗಿನ ಪೈಪುಗಳ ಬಾಯಿ ಮುಚ್ಚಿ, ಪಂಪಿನಿಂದ ಒತ್ತಡ ಕೊಟ್ಟು ಕಾದರು. ಒತ್ತಡ ತೋರಿಸುವ ಮುಳ್ಳು ಇಳಿಯಲಿಲ್ಲ, ಪೈಪು ಗಟ್ಟಿಯಾಗಿದೆ ಎಂದಾಯಿತು. ಆಮೇಲೆ ಇನ್ನೊಬ್ಬರು ಬಂದು ಗೂಡಿನ ಸಂದುಗಳ ಮೇಲೆಲ್ಲ ಸಿಲಿಕೋನ್ ಹಚ್ಚಿ ಮೂರು ಸಾವಿರ ರೂಪಾಯಿ ಪಡೆದರು. ಅವರು ಹಚ್ಚಿದ್ದು ಗೂಡಿನ ಸುತ್ತ ಮಾತ್ರ. ಮೇಲಿನ ಗೋಡೆಯ ಸಂದುಗಳು ಹಾಗೆಯೇ ಇದ್ದವು. ಅಲ್ಲಿಂದ ಇಳಿದ ನೀರಿಗೆ ಹೊರಬರುವ ದಾರಿಯೂ ಮುಚ್ಚಿತು. ಅತ್ತೆಯವರ ಕೋಣೆಯ ಕಲೆ ಇನ್ನಷ್ಟು ಅಗಲವಾಯಿತು.

ಕೊನೆಗೆ ನಮ್ಮ ಬೀದಿಯಲ್ಲೇ ಇರುವ ನಿವೃತ್ತ ಎಂಜಿನಿಯರ್ ಒಬ್ಬರು ಒಂದು ಸರಳ ಉಪಾಯ ಹೇಳಿದರು. ಗೂಡಿನ ಬಾಯಿಗೂ ಅದರ ಮೇಲಿನ ಗೋಡೆಗೂ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಿ ಸುತ್ತಲೂ ಟೇಪು ಅಂಟಿಸಿ, ಹತ್ತು ದಿನ ಎಂದಿನಂತೆ ಸ್ನಾನ ಮಾಡಿ, ಆಚೆಯ ಗೋಡೆಯ ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ನೋಡಿ ಎಂದರು. ಹತ್ತು ದಿನಕ್ಕೆ ಕಲೆ ಗೆರೆಯಿಂದ ಎರಡು ಬೆರಳು ಒಳಗೆ ಸರಿದಿತ್ತು. ಹಾಳೆ ತೆಗೆದ ನಾಲ್ಕನೆಯ ದಿನ ಮತ್ತೆ ಗೆರೆ ದಾಟಿತು. ನಿಮ್ಮ ಮನೆಯಲ್ಲಿ ಇಂಥ ತೇವ ಕಂಡರೆ ಯಾರಿಗೂ ಹಣ ಕೊಡುವ ಮೊದಲು ಇದನ್ನು ಮಾಡಿ ನೋಡಿ. ಬರಿಯ ಹಾಳೆ, ಟೇಪು ಸಾಕು.

ಒಡೆಸಿದಾಗ ಕಂಡದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಟೈಲ್‌ಗಳು ಉಳಿಯ ಒಂದೇ ತಳ್ಳಿಗೆ ಇಡಿಯಾಗಿ ಬಂದವು, ಹಿಂಬದಿ ಹೊಸದರಂತೆ ಸ್ವಚ್ಛ. ವಿಟ್ರಿಫೈಡ್ ಟೈಲ್ ನೀರು ಹೀರದ ಕಾರಣ ಬರಿಯ ಸಿಮೆಂಟ್ ಹಾಲು ಅದನ್ನು ಹಿಡಿದುಕೊಳ್ಳುವುದಿಲ್ಲ. ಅದಕ್ಕೆ ಟೈಲ್ಸ್ ಅಂಟೇ ಬೇಕು. ಅಂಥ ಅಂಟಿಗೆ ಐಎಸ್ 15477 ಎಂಬ ಭಾರತೀಯ ಮಾನಕವಿದೆ, ಚೀಲದ ಮೇಲೆ ಅದು ಯಾವ ಬಗೆಯದು ಎಂದು ಮುದ್ರಿಸಿರುತ್ತಾರೆ. ನಮ್ಮಲ್ಲಿ ದೊಡ್ಡ ಗೋಡೆಗೆ ಅಂಟು ಬಳಸಿದ್ದರು, ಗೂಡಿಗೆ ಮಿಕ್ಕ ಸಿಮೆಂಟ್ ಕಲಸಿ ಹಾಕಿದ್ದರು. ದೊಡ್ಡ ಗೋಡೆಯಲ್ಲೂ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂದು ಉಂಡೆ ಇಟ್ಟು ಟೈಲ್ ಒತ್ತಿದ್ದರು. ಉಂಡೆಗಳ ನಡುವಿನ ಟೊಳ್ಳಿನಲ್ಲಿ ನೀರು ಕಾಲುವೆಯ ಹಾಗೆ ಹರಿದು ಬಂದು ಗೂಡಿನ ಬರಿಯ ಇಟ್ಟಿಗೆಗೆ ಸೇರುತ್ತಿತ್ತು. ಅಂಟನ್ನು ಹಲ್ಲಿನ ಕರಣೆಯಿಂದ ಗೋಡೆಯಿಡೀ ಎಳೆಯಬೇಕು. ಟೈಲ್ಸ್ ಕೂರಿಸಿದ ಮೇಲೆ ನಾಣ್ಯದಿಂದ ಪ್ರತಿಯೊಂದನ್ನೂ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದದ್ದನ್ನು ಅಂದೇ ತೆಗೆಸಿ.

ಗುತ್ತಿಗೆದಾರರನ್ನು ಕರೆದು ತೋರಿಸಿದೆವು. "ಗೂಡು ಎಸ್ಟಿಮೇಟಿನಲ್ಲಿ ಇರಲಿಲ್ಲವಲ್ಲ ಮೇಡಂ, ಆಮೇಲೆ ನೀವೇ ಕೇಳಿ ಮಾಡಿಸಿಕೊಂಡದ್ದು" ಎಂದರು. ಅದು ನಿಜವೇ. ಆದರೆ ಅವರಿಗೆ ಕೆಲಸ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಕೊರೆದ ಗೋಡೆಯನ್ನು ಆ ಸಂಜೆಯೇ ಕಣ್ಣಾರೆ ಕಂಡವರು ಒಂದು ಮಾತು ಹೇಳಬೇಕಿತ್ತು ಎಂಬ ನೋವು ನನಗೆ ಹೋಗಿಲ್ಲ. ಪೂರ್ತಿ ಹಣ ಕೊಟ್ಟಾಗಿತ್ತು. ದುರಸ್ತಿಗೆ ನಮ್ಮ ಕೈಯಿಂದ ಮತ್ತೆ ಮೂವತ್ತೆಂಟು ಸಾವಿರ ರೂಪಾಯಿ ಹೋಯಿತು. ಅದೇ ವಿನ್ಯಾಸದ ಟೈಲ್ಸ್ ಅಂಗಡಿಯಲ್ಲಿ ಸಿಕ್ಕಿದರೂ ತಯಾರಿಕೆಯ ಕಂತು ಬೇರೆ, ಬಣ್ಣ ಒಂದು ಛಾಯೆ ಕಪ್ಪು. ಒಂದು ಪೆಟ್ಟಿಗೆ ಹೆಚ್ಚಿಗೆ ತೆಗೆದಿಟ್ಟುಕೊಂಡಿದ್ದರೆ ಇಡೀ ಗೋಡೆ ಬದಲಿಸುವ ಪ್ರಮೇಯ ಬರುತ್ತಿರಲಿಲ್ಲ.

ಎರಡನೆಯ ಸಲ ಬಂದ ಮೇಸ್ತ್ರಿ ಐವತ್ತು ದಾಟಿದವರು, ಮಾತು ಕಡಿಮೆ. ಮೊದಲು ತೆಳುಗೋಡೆಯ ಗೂಡನ್ನು ಇಟ್ಟಿಗೆಯಿಂದ ಮುಚ್ಚಿಸಿದರು. "ನಾಲ್ಕೂವರೆ ಇಂಚಿಗೆ ಗೂಡು ಬೇಡಮ್ಮ. ಅಷ್ಟೇ ಗೋಡೆ ಇರುವವರು ಮೂಲೆಗೆ ಒಂದು ಗ್ರಾನೈಟ್ ತುಂಡು ಕೂರಿಸಿಕೊಳ್ಳಬೇಕು" ಎಂದರು. ನಮ್ಮ ಅದೃಷ್ಟಕ್ಕೆ ಪಕ್ಕದ ಗೋಡೆ ಒಂಬತ್ತು ಇಂಚಿನದು. ಅಲ್ಲಿ ಕೊರೆಯುವ ಮೊದಲು ಗೋಡೆಯ ಮೇಲೆ ಟೈಲ್‌ಗಳ ಸಾಲುಗಳನ್ನೆಲ್ಲ ದಾರ ಹೊಡೆದು ಗುರುತು ಮಾಡಿದರು. ಟೈಲ್ ಒಂದು ಅಡಿಗೆ ಎರಡು ಅಡಿಯದು. ಸರಿಯಾಗಿ ಒಂದು ಇಡೀ ಟೈಲ್ ಕೂರುವ ಜಾಗದಲ್ಲಿ ಗೂಡಿನ ಬಾಯಿ ಬರುವಂತೆ ನೋಡಿಕೊಂಡರು. ಅದಕ್ಕೇ ಗೂಡಿನ ಸುತ್ತ ಚೂರುಪಾರು ಪಟ್ಟಿಗಳಿಲ್ಲ, ಸಂದುಗಳು ನಾಲ್ಕೂ ಕಡೆ ಗೆರೆಗೆ ಗೆರೆ ಕೂಡಿವೆ. ನಾನು ಅಂದ ಎಂದುಕೊಂಡದ್ದು ಓರೆ ಅಂಚನ್ನು. ಅಂದ ಇರುವುದು ಈ ಅಳತೆಯಲ್ಲಿ ಎಂದು ಆಗ ತಿಳಿಯಿತು.

ಕೊರೆದ ಬಾಯಿಯ ಮೇಲೆ ಕಲ್ಲು ಅಡ್ಡ ಕೊಟ್ಟರು. ಒಳಗಿನ ಮೂಲೆಗಳನ್ನು ಗಾರೆಯಿಂದ ದುಂಡಗೆ ಮಾಡಿ, ಒಣಗಿದ ಮೇಲೆ ಮೂಲೆಗಳಿಗೆ ಜಾಲರಿ ಬಟ್ಟೆ ಕೂರಿಸಿ, ಲೇಪನವನ್ನು ಒಮ್ಮೆ ಅಡ್ಡ, ಒಮ್ಮೆ ಉದ್ದ ಬಳಿದರು. ಗೂಡಿನ ಹೊರಗೂ ಒಂದು ಅಡಿ ಹರಡಿ ಹಳೆಯ ಲೇಪನದ ಮೇಲೆ ಹತ್ತಿಸಿದರು. ನಂತರ ನಾನು ಎಲ್ಲಿಯೂ ಕೇಳಿರದ ಒಂದು ಕೆಲಸ ಮಾಡಿದರು: ಗೂಡಿನ ಬಾಯಿಗೆ ಎರಡು ಇಂಚಿನ ಕಟ್ಟೆ ಕಟ್ಟಿ, ತಳದಲ್ಲಿ ಒಂದು ದಿನ ನೀರು ನಿಲ್ಲಿಸಿದರು. ಮರುದಿನ ಕೆಳಗಿನ ಗೋಡೆಯನ್ನೂ ಹಿಂಬದಿಯನ್ನೂ ಕೈಯಿಂದ ಸವರಿ ನೋಡಿದ ಮೇಲೆಯೇ ಟೈಲ್ಸ್ ಮುಟ್ಟಿದ್ದು.

ತಳಕ್ಕೆ ಸಂದಿಲ್ಲದ ಒಂದೇ ಗ್ರಾನೈಟ್ ತುಂಡು, ನಾಲ್ಕು ಇಂಚಿಗೆ ಮೂರು ಮಿಲಿಮೀಟರ್ ಮುಂದಕ್ಕೆ ವಾಟ. ಅದನ್ನು ಮೊದಲು ಕೂರಿಸಿ, ಹಿಂಬದಿಯ ಮತ್ತು ಪಕ್ಕದ ಟೈಲ್‌ಗಳನ್ನು ಅದರ ಮೇಲೆ ನಿಲ್ಲಿಸಿದರು. ಇಳಿದ ನೀರು ಕಲ್ಲಿನ ಮೇಲೆ ಬಿದ್ದು ಮುಂದಕ್ಕೆ ಹೋಗುತ್ತದೆ. ಬಾಯಿಗೆ ಅಂಚು ಮೊಂಡು ಮಾಡಿದ ಅದೇ ಗ್ರಾನೈಟಿನ ಚೌಕಟ್ಟು, ಕೈ ತಾಗಿದರೂ ಚಕ್ಕೆ ಏಳುವುದಿಲ್ಲ. ಸಂದಿಗೆ ಸಿಮೆಂಟಿನ ಪುಡಿಯ ಬದಲು ನೀರು ಕುಡಿಯದ ಎಪಾಕ್ಸಿ ಎಂಬ ಅಂಟು, ಒಳಮೂಲೆಗಳಿಗೆ ಮಾತ್ರ ಸಿಲಿಕೋನ್. ಗೂಡಿಗೇ ಐದು ದಿನ ಹಿಡಿಯಿತು. ಕಾಲು ಭಾಗ ಹಣವನ್ನು ಎರಡು ತಿಂಗಳ ಬಳಿಕ ಕೊಡುತ್ತೇವೆ ಎಂದು ಮೊದಲೇ ಬರೆದುಕೊಂಡಿದ್ದೆವು. ಅವರು ಬೇಸರಪಡದೆ ಒಪ್ಪಿದರು.

ಅತ್ತೆಯವರ ಕೋಣೆಯ ಗೋಡೆಯ ಗಾರೆ ಕೆತ್ತಿಸಿ ಎರಡು ತಿಂಗಳು ಹಾಗೆಯೇ ಒಣಗಲು ಬಿಟ್ಟು, ಆಮೇಲೆ ಬಣ್ಣ ಬಳಿಸಿದೆವು. ಬೀರು ಈಗ ಗೋಡೆಯಿಂದ ನಾಲ್ಕು ಇಂಚು ಮುಂದೆ ನಿಂತಿದೆ, ಕೈ ಹಾಕಿ ಮುಟ್ಟಿ ನೋಡುವಷ್ಟು ಜಾಗ. ಸೀರೆಗಳನ್ನು ತೊಳೆಯಲು ಕೊಟ್ಟಿದ್ದೆವು. ಎಲ್ಲವೂ ಸರಿಹೋದವು, ಧಾರೆ ಸೀರೆಯ ಸೆರಗಿನ ಕಲೆ ಮಾತ್ರ ಹೋಗಲಿಲ್ಲ. ಅತ್ತೆಯವರು ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಮೇಲಿನ ಅರೆಯಲ್ಲಿ ಇಟ್ಟುಕೊಂಡಿದ್ದಾರೆ.