ಸೂಪರ್ ಮಾರ್ಕೆಟ್‌ನ ಕಾಕಾ ಪೇಪರ್ ಅಂಗಡಿ: ಎರಡು ವರ್ಷದ ಗಿರಾಕಿ ಬರೆದದ್ದು

ಬೆಳಗ್ಗೆ ಆರೂವರೆಗೆ ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಬಂದು ನೋಡಿ. ಬಟ್ಟೆ ಅಂಗಡಿಗಳ ಷಟರ್ ಇನ್ನೂ ಎದ್ದಿರುವುದಿಲ್ಲ. ಒಂದು ಚಹಾ ಅಂಗಡಿ, ಅದರ ಮಗ್ಗುಲಲ್ಲಿ ಒಂದು ಪೇಪರ್ ಅಂಗಡಿ, ಇವೆರಡೇ ಎಚ್ಚರ ಇರುತ್ತವೆ. ಅಂಗಡಿ ಅಂದರೆ ಒಂದು ಕಟ್ಟಿಗೆ ಮಂಚ, ಮೇಲೆ ತಗಡು, ಹಿಂದೆ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟ ವಾರಪತ್ರಿಕೆಗಳು. ಬೋರ್ಡ್ ಇಲ್ಲ. ಬರುವವರೆಲ್ಲ ‘ಕಾಕಾನ ಅಂಗಡಿ’ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ನಾನು ಪತ್ರಿಕೋದ್ಯಮದ ಎಂ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ಊರು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕು, ಇಲ್ಲಿ ಹಾಸ್ಟೆಲ್‌ನಲ್ಲಿದ್ದೇನೆ. ವಾರಕ್ಕೆ ನಾಲ್ಕು ದಿನವಾದರೂ ಸಿಟಿ ಬಸ್ ಹತ್ತಿ ಈ ಅಂಗಡಿಗೆ ಬರುತ್ತೇನೆ. ‘ಫೋನಲ್ಲೇ ಎಲ್ಲ ಪೇಪರ್ ಸಿಗುತ್ತಲ್ವಾ, ಅಷ್ಟು ದೂರ ಯಾಕೆ ಹೋಗ್ತೀಯಾ?’ ಎಂದು ರೂಮಿನ ಗೆಳತಿ ಕೇಳುತ್ತಲೇ ಇರುತ್ತಾಳೆ. ಅವಳಿಗೆ ಕೂತು ಹೇಳಬೇಕು ಅಂದುಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಏನೇನು ಸಿಗುತ್ತದೆ ಹೇಳಿಬಿಡುತ್ತೇನೆ. ಕನ್ನಡದ ದೊಡ್ಡ ದಿನಪತ್ರಿಕೆಗಳು ಎಲ್ಲವೂ ಇವೆ. ಕಲಬುರಗಿಯಲ್ಲೇ ಹೊರಡುವ ಸಣ್ಣ ಪತ್ರಿಕೆಗಳೂ ಇವೆ. ಎರಡು ಇಂಗ್ಲಿಷ್ ಪೇಪರ್, ಹೈದರಾಬಾದ್‌ನ ಉರ್ದು ಪೇಪರ್ ‘ಸಿಯಾಸತ್’, ಸೊಲ್ಲಾಪುರದ ಕಡೆಯಿಂದ ಬರುವ ಒಂದು ಮರಾಠಿ ಪೇಪರ್. ವಾರಪತ್ರಿಕೆ, ಮಾಸಪತ್ರಿಕೆ ಸ್ವಲ್ಪ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಜಾಸ್ತಿ. ಮಂಚದ ಕೆಳಗೆ ಎರಡು ಗೋಣಿಚೀಲದಲ್ಲಿ ಹಳೆಯ ಸಂಚಿಕೆಗಳು.

ಆದರೆ ಈ ಅಂಗಡಿಯ ದೊಡ್ಡ ಸೌಕರ್ಯ ಅಂದರೆ ಅಲ್ಲಿರುವ ಒಂದು ಬೆಂಚು. ನಾನು ಮೊದಲ ಸಲ ಬಂದಾಗ ಒಂದು ಪೇಪರ್ ಕೈಯಲ್ಲಿ ಹಿಡಿದು ಇನ್ನೊಂದರ ತಲೆಬರಹ ಬಗ್ಗಿ ಓದುತ್ತಿದ್ದೆ. ಬೈಯುತ್ತಾರೇನೋ ಅಂದುಕೊಂಡೆ. ಕಾಕಾ, ‘ಎರಡು ತಗೋ ಯವ್ವಾ, ಉಳಿದದ್ದು ಕುಂತು ಓದು. ಮಡಿಕಿ ಮಾತ್ರ ಕೆಡಿಸಬ್ಯಾಡ’ ಅಂದರು. ಅವತ್ತಿನಿಂದ ಇಂದಿನವರೆಗೆ ಅದೇ ನಿಯಮ. ಎರಡು ಕೊಳ್ಳಬೇಕು, ಆರು ಓದಬಹುದು.

ಆರು ಪೇಪರ್ ಒಂದೇ ಬೆಂಚಿನ ಮೇಲೆ ಹರಡಿಕೊಂಡಾಗ ಏನಾಗುತ್ತದೆ ಅನ್ನುವುದು ನನಗೆ ತಿಳಿದದ್ದು 2025ರ ಜನವರಿಯಲ್ಲಿ. ಆಗ ತೊಗರಿ ರಾಶಿಯ ಕಾಲ. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ ₹7,550. ಮಾರುಕಟ್ಟೆಯಲ್ಲಿ ಬೆಲೆ ಕುಸಿಯುತ್ತಿದೆ ಎಂದು ರೈತರು ಬೀದಿಗೆ ಬಂದಿದ್ದರು. ಮರುದಿನ ಒಂದು ಪತ್ರಿಕೆಯ ವರದಿ ಮುಖಂಡರ ಭಾಷಣದಿಂದ ಶುರುವಾಗಿತ್ತು. ವೇದಿಕೆ ಮೇಲಿದ್ದವರ ಹೆಸರುಗಳಿಗೇ ಒಂದು ಇಡೀ ಪ್ಯಾರಾ ಹೋಗಿತ್ತು. ಇನ್ನೊಂದು ಪತ್ರಿಕೆ ಸಂಚಾರಕ್ಕೆ ಅಡ್ಡಿಯಾದದ್ದನ್ನೇ ಮೊದಲು ಹೇಳಿತ್ತು. ಮೂರನೆಯದರಲ್ಲಿ ಅಂಕಿ ಅಂಶ ಚೆನ್ನಾಗಿತ್ತು. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ವಿಶೇಷ ಬೆಳೆ ಎಂಬ ಮಾನ್ಯತೆ, ಸಿಕ್ಕಿದ್ದನ್ನೂ ಬಾಕ್ಸ್ ಮಾಡಿ ಹಾಕಿದ್ದರು. ಆದರೆ ಮಾತಾಡುವ ಒಬ್ಬ ರೈತನೂ ಅದರಲ್ಲಿ ಇರಲಿಲ್ಲ.

ನಾಲ್ಕನೆಯದು ಒಳಪುಟದಲ್ಲಿತ್ತು, ಎರಡು ಕಾಲಂ ಅಷ್ಟೇ. ಅದರ ವರದಿಗಾರ ಧರಣಿಯನ್ನು ಬಿಟ್ಟು ಅಡತ್ ಅಂಗಡಿಗೆ, ಅಂದರೆ ರೈತರ ಮಾಲು ಮಾರಿಕೊಡುವ ದಲ್ಲಾಳಿಯ ಅಂಗಡಿಗೆ, ಹೋಗಿದ್ದ. ಒಬ್ಬ ರೈತ ಎಷ್ಟು ಚೀಲ ತಂದ, ಹಮಾಲಿ ಎಷ್ಟು ಕೊಟ್ಟ, ಗಾಡಿ ಬಾಡಿಗೆ ಎಷ್ಟು, ಬೀಜ ಗೊಬ್ಬರದ ಸಾಲ ಎಷ್ಟು, ಕೊನೆಗೆ ಕೈಯಲ್ಲಿ ಏನು ಉಳಿಯಿತು ಎಂದು ಸಾಲು ಸಾಲಾಗಿ ಬರೆದಿದ್ದ. ವಿಶೇಷಣ ಒಂದೂ ಇರಲಿಲ್ಲ. ಓದಿ ಮುಗಿಸಿದಾಗ ನನ್ನ ಅಪ್ಪ ಪ್ರತಿ ವರ್ಷ ರಾಶಿ ಆದ ಮೇಲೆ ಕ್ಯಾಲೆಂಡರ್ ಹಿಂದೆ ಬರೆಯುವ ಲೆಕ್ಕ ನೆನಪಾಯಿತು. ಆ ವರದಿಗೆ ಹೆಸರೂ ಇರಲಿಲ್ಲ, ‘ನಮ್ಮ ಪ್ರತಿನಿಧಿಯಿಂದ’ ಎಂದಷ್ಟೇ ಇತ್ತು. ಆ ಪ್ರತಿನಿಧಿ ಯಾರು ಎಂದು ನನಗೆ ಇವತ್ತಿಗೂ ತಿಳಿಯಬೇಕು ಅನ್ನಿಸುತ್ತದೆ.

ಯಾರು, ಏನು, ಯಾವಾಗ, ಎಲ್ಲಿ, ಏಕೆ, ಹೇಗೆ, ಇವಕ್ಕೆ ವರದಿಯಲ್ಲಿ ಉತ್ತರ ಇರಬೇಕು ಎಂದು ತರಗತಿಯಲ್ಲಿ ಕಲಿಸುತ್ತಾರೆ. ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ. ಜಾಗ ಸಾಲದಿದ್ದರೆ ಡೆಸ್ಕಿನವರು, ಅಂದರೆ ಕಚೇರಿಯಲ್ಲಿ ಕೂತು ವರದಿ ತಿದ್ದುವವರು, ಕೆಳಗಿನಿಂದ ಕತ್ತರಿಸುತ್ತಾರೆ. ಇದನ್ನೇ ತಲೆಕೆಳಗಾದ ಪಿರಮಿಡ್ ಅನ್ನುವುದು. ಇದು ಒಳ್ಳೆಯ ಪದ್ಧತಿ, ನನಗೆ ಅದರ ಮೇಲೆ ದೂರಿಲ್ಲ. ಆದರೆ ಮುಖ್ಯವಾದದ್ದು ಯಾವುದು ಎಂದು ನಿರ್ಧರಿಸುವುದು ಒಬ್ಬ ಮನುಷ್ಯ. ಅವನು ನಿಂತ ಜಾಗ ಬೇರೆಯಾದರೆ ಮೊದಲ ಸಾಲೂ ಬೇರೆ ಆಗುತ್ತದೆ. ಫೋನಿನಲ್ಲಿ ಸುದ್ದಿಗಳು ಒಂದರ ಹಿಂದೆ ಒಂದು ಬರುತ್ತವೆ, ಎರಡನೆಯದು ಬರುವ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ. ಬೆಂಚಿನ ಮೇಲೆ ನಾಲ್ಕೂ ಮಗ್ಗುಲು ಮಗ್ಗುಲಾಗಿ ಮಲಗಿರುತ್ತವೆ.

ಆಮೇಲೆ ನಾನು ಒಂದು ನೋಟ್‌ಬುಕ್ ಇಟ್ಟೆ. ಪೇಪರಿನಲ್ಲಿ ಮಾತ್ರ ಬದುಕುವ ಕನ್ನಡವನ್ನು ಅದರಲ್ಲಿ ಬರೆದುಕೊಳ್ಳುತ್ತೇನೆ. ‘ಎನ್ನಲಾಗಿದೆ.’ ‘ಕರೆ ನೀಡಿದರು.’ ‘ಪರದಾಡುವಂತಾಗಿದೆ.’ ‘ಮುಗಿಲು ಮುಟ್ಟಿದ ಆಕ್ರಂದನ.’ ಒಂದು ದಿನ ಒಂದೇ ಪುಟದಲ್ಲಿ ಐದು ಜನ ಐದು ಕಡೆ ಕರೆ ನೀಡಿದ್ದರು. ‘ಎನ್ನಲಾಗಿದೆ’ ಎಂಬ ಮಾತು ನನಗೆ ತುಂಬಾ ಕಾಡುತ್ತದೆ. ಯಾರು ಅಂದರು? ಪೊಲೀಸರೇ, ಪಕ್ಕದ ಮನೆಯವರೇ, ವರದಿಗಾರನ ಊಹೆಯೇ? ಆ ಒಂದು ಪದ ಹಾಕಿದರೆ ಯಾರೂ ಜವಾಬ್ದಾರರಾಗುವುದಿಲ್ಲ. ಸತ್ತವರ ಬಗ್ಗೆ ಬರೆಯುವಾಗಲಂತೂ ಇದು ಬಹಳ ದೊಡ್ಡ ತಪ್ಪು ಎಂದು ನನ್ನ ನಂಬಿಕೆ.

ಈ ಭಾಷೆ ನನಗೂ ತಾಗಿತು. ಹೋದ ಬೇಸಿಗೆಯಲ್ಲಿ ಒಂದು ಪತ್ರಿಕೆಯಲ್ಲಿ ತಿಂಗಳ ಇಂಟರ್ನ್‌ಶಿಪ್ ಮಾಡಿದೆ. ಹೆಸರು ಬೇಡ. ಒಂದು ಬಡಾವಣೆಗೆ ನೀರಿನ ಸುದ್ದಿಗೆ ಹೋಗಿದ್ದೆ. ಅಲ್ಲಿ ಒಬ್ಬ ತಾಯಿ, ‘ನಳಕ್ಕ ನೀರ್ ಬಂದು ಎಂಟ್ ದಿನ ಆಯ್ತವ್ವಾ. ಕೊಡಾ ಹೊತ್ತು ಹೊತ್ತು ಹುಡುಗಿ ಸಾಲಿಗಿ ಹೋಗೋದ್ ಬಿಟ್ಟಾಳ’ ಅಂದರು. ಸಾಲಿ ಅಂದರೆ ಶಾಲೆ. ಅವರ ಮಾತನ್ನೇ ಮೊದಲ ಸಾಲು ಮಾಡಿ ಬರೆದುಕೊಟ್ಟೆ. ಬೆಳಗ್ಗೆ ಅಚ್ಚಾಗಿದ್ದು ಬೇರೆ: ‘ಕುಡಿಯುವ ನೀರಿನ ಸಮಸ್ಯೆ ತೀವ್ರವಾಗಿದ್ದು, ಸಾರ್ವಜನಿಕರು ಪರದಾಡುವಂತಾಗಿದೆ.’ ತಾಯಿಯೂ ಇಲ್ಲ, ಹುಡುಗಿಯೂ ಇಲ್ಲ. ‘ನಳ’ ಹೋಗಿ ‘ನಲ್ಲಿ’ ಬಂದಿತ್ತು. ಕೊನೆಯಲ್ಲಿ ನನ್ನ ಹೆಸರು ಮಾತ್ರ ಇತ್ತು.

ಅದನ್ನು ತೋರಿಸೋಣ ಎಂದು ಕಾಕಾನ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. ‘ಇದು ನೀ ಬರದಿದ್ದಲ್ಲ ಬಿಡವ್ವಾ’ ಅಂದರು. ಹೇಗೆ ಗೊತ್ತಾಯಿತು ಎಂದು ಕೇಳಿದೆ. ‘ನೀ ಹಿಂಗ ಎಲ್ಲಿ ಮಾತಾಡ್ತಿ?’ ನನಗೆ ಅಲ್ಲೇ ಕಣ್ಣು ತುಂಬಿತು. ಚಹಾ ಹೇಳಿದರು, ದುಡ್ಡು ಕೊಡಲು ಬಿಡಲಿಲ್ಲ.

ಅಂಕಣಗಳ ಬಗ್ಗೆಯೂ ಈ ಅಂಗಡಿ ನನ್ನ ಮನಸ್ಸು ಬದಲಿಸಿದೆ. ಕಾಲೇಜಿಗೆ ಸೇರುವಾಗ ನನಗೆ ಅಂಕಣಕಾರ್ತಿ ಆಗುವ ಆಸೆ. ಫೋಟೊ ಬರುತ್ತದೆ, ಹೆಸರು ಬರುತ್ತದೆ, ವಾರಕ್ಕೊಮ್ಮೆ ಬರೆದರೆ ಸಾಕು. ಈಗ ಯಾವ ಅಂಕಣ ಓದಿದರೂ ಪೆನ್ಸಿಲ್ ಹಿಡಿಯುತ್ತೇನೆ. ಬರೆದವರು ತಾವೇ ಹೋಗಿ ನೋಡಿದ್ದು, ಕೇಳಿದ್ದು, ಹುಡುಕಿದ್ದು ಏನಾದರೂ ಇದೆಯೇ ಎಂದು ಗೆರೆ ಎಳೆಯುತ್ತೇನೆ. ಕೆಲವರ ಅಂಕಣದಲ್ಲಿ ಗೆರೆಯೇ ಬೀಳುವುದಿಲ್ಲ. ಟಿವಿ ನೋಡಿ ಬಂದ ಸಿಟ್ಟು ಅಷ್ಟೇ ಇರುತ್ತದೆ.

ಗೋಣಿಚೀಲದಲ್ಲಿ ಒಂದು ದಿನ ‘ಕಸ್ತೂರಿ’ಯ ಹಳೆಯ ಸಂಚಿಕೆಗಳು ಸಿಕ್ಕವು. ಹುಬ್ಬಳ್ಳಿಯಿಂದ 1956ರಲ್ಲಿ ಶುರುವಾದ ಮಾಸಪತ್ರಿಕೆ ಅದು. ನಾಲ್ಕಕ್ಕೆ ₹100 ತಗೊಂಡರು. ಅದರಲ್ಲಿ ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’ ಅಂಕಣ. ಒಂದು ಪದ ಹಿಡಿದು ಅದು ಯಾವ ಭಾಷೆಯಿಂದ ಹೇಗೆ ಬಂತು ಎಂದು ಬೆನ್ನು ಹತ್ತಿ ಹೋಗುತ್ತಾರೆ. ಓದುತ್ತಾ ಕೂತರೆ ಒಬ್ಬ ವರದಿಗಾರ ಸುಳಿವು ಹಿಡಿದು ಮನೆ ಮನೆ ತಿರುಗಿದ ಹಾಗೇ ಅನ್ನಿಸುತ್ತದೆ. ಪೆನ್ಸಿಲ್‌ಗೆ ಬಿಡುವೇ ಇರಲಿಲ್ಲ. ನಮ್ಮ ಕಡೆಯ ಮಾತು ಉರ್ದು, ಮರಾಠಿ, ತೆಲುಗು ಎಲ್ಲ ಬೆರೆತದ್ದು. ಸಾಲಿ, ನಳ, ಅಡತ್, ಹಮಾಲಿ ಇವುಗಳ ಬೆನ್ನು ಹತ್ತಿ ಯಾರಾದರೂ ಕಲಬುರಗಿಯಿಂದ ಅಂಥ ಅಂಕಣ ಬರೆಯಬೇಕು.

ಉರ್ದು ಪೇಪರಿನಿಂದ ಇನ್ನೊಂದು ಪಾಠ ಸಿಕ್ಕಿತು. ನನಗೆ ಉರ್ದು ಓದಲು ಬರುವುದಿಲ್ಲ. ಕಾಕಾಗೆ ಬರುತ್ತದೆ, ಅವರ ಅಪ್ಪ ನಿಜಾಮರ ಕಾಲದಲ್ಲಿ ಉರ್ದು ಶಾಲೆಗೆ ಹೋದವರು. ಸೆಪ್ಟೆಂಬರ್ 17 ನಮ್ಮ ಭಾಗದ ವಿಮೋಚನಾ ದಿನ, ಅದರ ಹಿಂದಿನ ದಿನ ಅಂಗಡಿ ಮುಂದೆ ಧ್ವಜದ ಮಾತು ಬಂತು. ಆಗ ಕಾಕಾ ಶೋಯೆಬುಲ್ಲಾ ಖಾನ್ ಬಗ್ಗೆ ಹೇಳಿದರು. ಹೈದರಾಬಾದ್‌ನ ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆಯ ಸಂಪಾದಕ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಬೇಕು ಎಂದು ಬರೆಯುತ್ತಿದ್ದರು. 1948ರ ಆಗಸ್ಟ್‌ನಲ್ಲಿ, ರಾತ್ರಿ ಕಚೇರಿಯಿಂದ ಮನೆಗೆ ಹೋಗುವಾಗ ರಜಾಕಾರರು, ಅಂದರೆ ನಿಜಾಮರ ಪರವಾಗಿದ್ದ ಖಾಸಗಿ ಸೇನೆಯವರು, ಅವರನ್ನು ಕೊಂದರು. ಬರೆಯುವ ಕೈಯನ್ನೇ ಕಡಿದರು. ಒಂದು ತಿಂಗಳೂ ಕಳೆಯುವ ಮೊದಲೇ ನಮ್ಮ ಭಾಗ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾಯಿತು. ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ಧ್ವಜಕ್ಕೆ ಕೈ ಎತ್ತಿದ್ದೇನೆ, ಆದರೆ ಈ ಹೆಸರು ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಪೇಪರ್ ಮಾರುವವರು ಹೇಳಿದರು.

ಪೇಪರಿನ ಕೊನೆಯ ಪುಟದ ತಳದಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ. ಮುದ್ರಕರು, ಪ್ರಕಾಶಕರು, ಸಂಪಾದಕರು, ಮುದ್ರಣವಾದ ಜಾಗ. 1867ರ ಕಾಯ್ದೆಯ ಕಾಲದಿಂದ ನಡೆದು ಬಂದದ್ದು ಅದು. ಕಾಕಾ ಹೊಸ ಪೇಪರ್ ಬಂದರೆ ಮೊದಲು ಅದನ್ನೇ ನೋಡುತ್ತಾರೆ. ದೂರದಲ್ಲಿ ಅಚ್ಚಾಗಿ ಗಾಡಿಯಲ್ಲಿ ಬರುವ ಪೇಪರ್ ರಾತ್ರಿ ಬೇಗ ಅಚ್ಚಿಗೆ ಹೋಗಬೇಕು. ರಾತ್ರಿ ಹತ್ತರ ಮೇಲೆ ಬೀದರ್‌ನಲ್ಲಿ ಏನಾದರೂ ನಡೆದರೆ ಅದರಲ್ಲಿ ಬರುವುದಿಲ್ಲ, ಇಲ್ಲೇ ಅಚ್ಚಾದದ್ದರಲ್ಲಿ ಬರುತ್ತದೆ. ಅದಕ್ಕೇ ಗಿರಾಕಿಗೆ ಯಾವ ಸುದ್ದಿ ಬೇಕು ಎಂದು ಕೇಳಿ ಪೇಪರ್ ಕೊಡುತ್ತಾರೆ.

ಕೊರತೆಗಳೂ ಇವೆ. ಬೆಂಚು ಒಂದೇ, ಏಳೂವರೆ ಮೇಲೆ ಜಾಗ ಸಿಗುವುದಿಲ್ಲ. ಕಾಕಾ ಹೇಳಿದರೆ ಗಂಡಸರು ಸರಿದು ಜಾಗ ಬಿಡುತ್ತಾರೆ, ಆದರೆ ಹೊಸದಾಗಿ ಬರುವ ಹುಡುಗಿಯರಿಗೆ ಮುಜುಗರ ಆಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಎಂಟಕ್ಕೇ ತಗಡು ಕಾದು ಕೂರಲು ಆಗುವುದಿಲ್ಲ. ಫೋನ್‌ಪೇ ಇಲ್ಲ, ಚಿಲ್ಲರೆ ತರಬೇಕು. ಯಾದಗಿರಿ ಸುದ್ದಿಯ ಪುಟ ಇರುವ ಪ್ರತಿ ಬರುವುದಿಲ್ಲ, ನನಗೆ ಇದು ನಿಜವಾಗಿಯೂ ಬೇಜಾರು. ಹಳೆಯ ಸಂಚಿಕೆಗಳಿಗೆ ನಿಗದಿ ಬೆಲೆ ಇಲ್ಲ. ಹನ್ನೊಂದಕ್ಕೆ ಅಂಗಡಿ ಮುಚ್ಚುತ್ತದೆ. ಭಾನುವಾರದ ಪುರವಣಿ ಬೇಕಿದ್ದರೆ ಶನಿವಾರವೇ ಹೇಳಿಡಿ.

ಮೊನ್ನೆ ನಮ್ಮ ವಿಭಾಗದ ಪ್ರಾಯೋಗಿಕ ಪತ್ರಿಕೆಗೆ ಆ ನೀರಿನ ವರದಿಯನ್ನು ಮತ್ತೆ ಬರೆದೆ. ಬಡಾವಣೆಗೆ ಇನ್ನೊಮ್ಮೆ ಹೋಗಿ, ಆ ತಾಯಿಯನ್ನು ಕೇಳಿ, ಅವರ ಮಾತು ಅವರದೇ ಬಾಯಲ್ಲಿ ಇಟ್ಟೆ. ‘ನಳ’ ನಳವಾಗಿಯೇ ಉಳಿಯಿತು. ಒಂದು ಪ್ರತಿ ಕಾಕಾಗೆ ಕೊಟ್ಟೆ. ಅವರು ಓದಿ ಏನೂ ಹೇಳಲಿಲ್ಲ. ವಾರಪತ್ರಿಕೆಗಳ ನಡುವೆ ಜಾಗ ಮಾಡಿ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟರು. ಎರಡು ದಿನ ಅಲ್ಲೇ ಇತ್ತು. ಮೂರನೇ ದಿನ ಹೋದರೆ ಕ್ಲಿಪ್ ಖಾಲಿ.

‘ಹಾಲಿನವ ಒಯ್ದಾನ’ ಅಂದರು ಕಾಕಾ. ‘ಅವರ ಓಣ್ಯಾಗೂ ನಳಕ್ಕ ನೀರ್ ಬಂದು ಎಂಟ್ ದಿನ ಆಯ್ತಂತ. ಇನ್ನೊಂದ್ ಪ್ರತಿ ಇದ್ರ ಕೊಡವ್ವಾ.’