ಬಾಟಲಿ ಪುಡಿಯೋ, ಸಂತೆಯ ಗಜ್ಜರಿಯೋ?

ಹತ್ತಿ ಎಲೆಚುಕ್ಕೆಯ ಆಲ್ಟರ್ನೇರಿಯಾ ಶಿಲೀಂಧ್ರ ಬೆಳೆಸಬೇಕೇ? ಶಿಲೀಂಧ್ರಕ್ಕೆ ಆಹಾರವಾಗುವ ಮಾಧ್ಯಮಗಳಲ್ಲಿ, ಅಂದರೆ ಅಗಾರ್ ಎಂಬ ಕಡಲಪಾಚಿ ಪುಡಿಯಿಂದ ಗಟ್ಟಿ ಮಾಡಿದ ರಸಗಳಲ್ಲಿ, ನನ್ನ ಮತ ಗಜ್ಜರಿ-ಬಟಾಟಿ ಅಗಾರ್‌ಗೆ. ಸಾವಿರಗಟ್ಟಲೆ ಕೊಟ್ಟು ತರಿಸಿದ ಪಿಡಿಎ (ಬಟಾಟಿ ಮತ್ತು ಡೆಕ್ಸ್‌ಟ್ರೋಸ್ ಸಕ್ಕರೆಯ ಅಗಾರ್) ಪುಡಿಯ ಬಾಟಲಿ ಇನ್ನೂ ಮುಕ್ಕಾಲು ಹಾಗೇ ಕೂತಿದೆ.

ಸೆಪ್ಟೆಂಬರ್ ಮಳೆಯ ನಂತರ ವಿಜಯಪುರದ ಹೊರಗಿನ ಹೊಲದಿಂದ ಎಲೆ ತಂದಿದ್ದೆ. ಕಂದು ಚುಕ್ಕೆ, ಉಂಗುರದೊಳಗೆ ಉಂಗುರ. ಗಿಡಗಳಿಗೆ ಮತ್ತೆ ಸಿಂಪಡಿಸಿ ರೋಗ ತರಿಸಬೇಕಿತ್ತು, ಅಂದರೆ ನನಗೆ ಬೇಕಿದ್ದದ್ದು ಸ್ಪೋರ್, ಶಿಲೀಂಧ್ರದ ಬೀಜಕಣ.

ಪಿಡಿಎ ಸುಲಭ. ಲೀಟರ್ ನೀರಿಗೆ 39 ಗ್ರಾಂ ಪುಡಿ, ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಲ್ಲಿ 121 ಡಿಗ್ರಿ, 15 ನಿಮಿಷ. ಬೆಳವಣಿಗೆಯೂ ಭರ್ಜರಿ. ಆದರೆ ಪ್ಲೇಟ್ ತುಂಬಾ ಬೂದು ಅರಳೆ! ಸೂಕ್ಷ್ಮದರ್ಶಕದಲ್ಲಿ ಬರೀ ದಾರ, ಸ್ಪೋರ್ ಅಲ್ಲೊಂದು ಇಲ್ಲೊಂದು. ಲೀಟರಿಗೆ 20 ಗ್ರಾಂ ಡೆಕ್ಸ್‌ಟ್ರೋಸ್ ತಿಂದು ಹೊಟ್ಟೆ ತುಂಬಿದವಕ್ಕೆ ಸ್ಪೋರ್ ಬಿಡುವ ಅವಸರವೇನು?

ಅದಾದರೂ ತಡೆದುಕೊಳ್ಳಬಹುದಿತ್ತು. ಎಲೆಯ ಜೊತೆ ಬ್ಯಾಕ್ಟೀರಿಯಾ ಬರುತ್ತಿತ್ತು, ಹಾಗಾಗಿ ಪಿಎಚ್ 3.5ಕ್ಕೆ ಇಳಿಯುವಷ್ಟು ಲ್ಯಾಕ್ಟಿಕ್ ಆಸಿಡ್ ಹಾಕಿದೆ. ಅರ್ಧ ಸುರಿಯುವಷ್ಟರಲ್ಲಿ ಕರೆಂಟ್ ಹೋಗಿ, ಸೋಸಿದ ಗಾಳಿ ಬೀಸುವ ಲ್ಯಾಮಿನಾರ್ ಫ್ಲೋ ನಿಂತಿತು. ಉಳಿದದ್ದು ಫ್ಲಾಸ್ಕಿನಲ್ಲೇ ಗಟ್ಟಿಯಾಯಿತು.

ಮರುದಿನ ಅದನ್ನೇ ಕುದಿಸಿ ಕರಗಿಸಿ ಸುರಿದೆ. ಒಂದು ತಾಸಾಯಿತು, ಎರಡು ತಾಸಾಯಿತು, ಗಟ್ಟಿಯಾಗಲೊಲ್ಲದು. ಸಂಜೆ ಪ್ಲೇಟ್ ಬೋರಲು ಹಾಕಿದರೆ ಅಷ್ಟೂ ಜಾರಿ ಮುಚ್ಚಳಕ್ಕೆ ಬಿತ್ತು, ಥೇಟ್ ಜೋಳದ ಅಂಬಲಿ. ಪುಡಿ ಹಾಳಾಗಿದೆ ಎಂದು ಅಂಗಡಿಯವರೊಡನೆ ಫೋನಿನಲ್ಲಿ ಜಗಳವಾಡಿದೆ. ಅವರ ತಪ್ಪಿರಲಿಲ್ಲ. ಹುಳಿ ಸೇರಿದ ಮೇಲೆ ಮತ್ತೆ ಕಾಯಿಸಿದರೆ ಅಗಾರ್ ಒಡೆದು ಬಿಗಿ ಕಳೆದುಕೊಳ್ಳುತ್ತದೆ. ಇಪ್ಪತ್ತು ಪ್ಲೇಟ್, ಒಂದು ವಾರ ಹೋಯಿತು. ಈಗ ಆಸಿಡ್ ಹಾಕುವುದಿದ್ದರೆ ಸುರಿಯುವಷ್ಟಕ್ಕೆ ಮಾತ್ರ ಹಾಕುತ್ತೇನೆ.

ಬೇರೆ ಮಾಧ್ಯಮಗಳೂ ಇವೆ. ಜಾಪೆಕ್ಸ್ ಅಗಾರ್‌ಗೆ ಐದು ಲವಣ ತೂಗಬೇಕು, ಅಷ್ಟು ತಾಳ್ಮೆ ನನಗಿಲ್ಲ. ಓಟ್‌ಮೀಲ್ ಅಗಾರ್ ಉಕ್ಕಿ ಹತ್ತಿಯ ಬಿರಡೆ ತೋಯಿಸಿತು, ಒಂದೇ ಸಲಕ್ಕೆ ಸಾಕಾಯಿತು.

ಗಜ್ಜರಿ-ಬಟಾಟಿಗೆ ಲೀಟರಿಗೆ ತಲಾ 20 ಗ್ರಾಂ ಸಾಕು. ಹೆಚ್ಚಿ, ಬೇಯಿಸಿ, ಸೋಸಿ, 20 ಗ್ರಾಂ ಅಗಾರ್ ಹಾಕುವುದು. ಒಂದು ಗಜ್ಜರಿ, ಒಂದು ಬಟಾಟಿ ಕೇಳಿದರೆ ಕಾಯಿಪಲ್ಯೆ ಮಾರುವ ಅಜ್ಜಿ, "ಮನ್ಯಾಗ ಒಬ್ಬಾಕಿನ ಇರ್ತಿ ಏನವಾ?" ಅನ್ನುತ್ತಾಳೆ. ಸಕ್ಕರೆ ಕಡಿಮೆ, ಶಿಲೀಂಧ್ರದ ಬೆಳವಣಿಗೆ ತೆಳುವು. ಪ್ಲೇಟನ್ನು ಹಗಲು ಬೆಳಕಿಗೆ, ರಾತ್ರಿ ಕತ್ತಲಿಗೆ ಇಟ್ಟೆ. ವಾರದಲ್ಲಿ ಸ್ಪೋರ್ ಬಿಟ್ಟಿತು. ಪ್ಲೇಟನ್ನೇ ಸೂಕ್ಷ್ಮದರ್ಶಕದಡಿ ಇಟ್ಟರೆ ಸರಪಳಿ ಸರಪಳಿಯಾಗಿ ಸ್ಪೋರ್! ಆಲ್ಟರ್ನೇರಿಯಾದ ಆಲ್ಟರ್ನೇಟಾ ಪ್ರಭೇದ ಇರಬೇಕೆಂದು ಆಗ ಅನಿಸಿತು. ಅದರ ಇನ್ನೊಂದು ಪ್ರಭೇದ ಮ್ಯಾಕ್ರೋಸ್ಪೋರಾ ಆಗಿದ್ದರೆ ಉದ್ದ ಕೊಕ್ಕಿನ ಒಂಟಿ ಸ್ಪೋರ್‌ಗಳು ಕಾಣಬೇಕಿತ್ತು.

ಫೋಟೋಕ್ಕೆ ಮಾತ್ರ ಇದು ಸಪ್ಪೆ. ಗೈಡ್ ಸರ್‌ಗೆ ಥೀಸಿಸ್‌ನಲ್ಲಿ ದಟ್ಟ ಬಣ್ಣದ ಕಾಲೊನಿಯೇ ಬೇಕಂತೆ, ಆ ನಾಲ್ಕು ಪ್ಲೇಟಿಗೆ ಪಿಡಿಎ ಬಾಟಲಿ ತೆಗೆಯುತ್ತೇನೆ.