ನೀಲಿ ಡ್ರಮ್ಮೋ, ಡ್ರೈ ಬ್ಯಾಗೋ? ಕನೂ ಪ್ರವಾಸದ ಊಟದ ಮೂಟೆ

ನನ್ನ ಓಟು ನೀಲಿ ಡ್ರಮ್ಮಿಗೆ. ಮೊದಲೇ ಹೇಳಿಬಿಟ್ಟೆ.

ನಾನು ಮತ್ತು ನನ್ನ ಹೆಂಡತಿ ನಾಲ್ಕು ವರ್ಷದಿಂದ ಪ್ರತಿ ಬೇಸಿಗೆಯಲ್ಲೂ ಕೆನಡಾದ ಆಲ್ಗೊಂಕ್ವಿನ್ ಪಾರ್ಕಿಗೆ ಕನೂ ದೋಣಿಯಲ್ಲಿ ಹೋಗುತ್ತೇವೆ. ಊಟದ ಸಾಮಾನು ಹೊರುವುದಕ್ಕೆ ಮೂರು ಥರ ಮಾಡಿ ನೋಡಿದ್ದೇವೆ. ಮೊದಲೆರಡು ವರ್ಷ ಡ್ರೈ ಬ್ಯಾಗ್, ಅಂದರೆ ನೀರು ಹೋಗದ ಚೀಲ. ನಡುವೆ ಒಂದು ಸಲ ಗೆಳೆಯರಿಂದ ಕೇಳಿ ತಂದ, ಕರಡಿಗೆ ತೆರೆಯಲಾಗದ ‘ಕರಡಿ ಡಬ್ಬಿ’. ಈಗ 30 ಲೀಟರಿನ ಡ್ರಮ್. ಟೆಂಟು, ಸ್ಲೀಪಿಂಗ್ ಬ್ಯಾಗ್ ಸ್ವಲ್ಪ ಹೆಚ್ಚು ಕಮ್ಮಿಯಾದರೂ ಹೇಗೋ ರಾತ್ರಿ ಕಳೆಯಬಹುದು. ಊಟದ ಮೂಟೆ ಕೈಕೊಟ್ಟರೆ ನಡುನೀರಿನಲ್ಲಿ ಅಂಗಡಿ ಎಲ್ಲಿ ಹುಡುಕುವುದು?

ಈ ಪಾರ್ಕು ಟೊರಾಂಟೊದಿಂದ ಕಾರಿನಲ್ಲಿ ಮೂರು ಗಂಟೆ ದೂರ. 1893ರಲ್ಲಿ ಆಗಿದ್ದು. ವಿಸ್ತಾರ 7,600 ಚದರ ಕಿಲೋಮೀಟರಿಗಿಂತ ಜಾಸ್ತಿ, ಅಂದರೆ ನಮ್ಮ ಕೊಡಗು ಜಿಲ್ಲೆಯ ಎರಡರಷ್ಟಕ್ಕೆ ಸ್ವಲ್ಪ ಕಡಿಮೆ. ದಕ್ಷಿಣದ ಅಂಚಿನಲ್ಲಿ ಹೈವೇ 60 ಹಾದುಹೋಗುತ್ತದೆ. ಅದನ್ನು ಬಿಟ್ಟು ಒಳಗೆ ಹೋದರೆ ಸರೋವರದ ಹಿಂದೆ ಸರೋವರ. ಒಂದು ಸರೋವರ ಮುಗಿದು ಇನ್ನೊಂದು ಸಿಗುವವರೆಗೆ ದೋಣಿ ಸಮೇತ ಎಲ್ಲವನ್ನೂ ಹೊತ್ತು ಕಾಡಿನ ಕಾಲುದಾರಿಯಲ್ಲಿ ನಡೆಯಬೇಕು. ಇದಕ್ಕೆ ಪೋರ್ಟೇಜ್ ಅನ್ನುತ್ತಾರೆ. ದಡದಲ್ಲಿ ಹಳದಿ ಬೋರ್ಡ್ ಇರುತ್ತದೆ, ಎಷ್ಟು ಮೀಟರ್ ಅಂತ ಅದರಲ್ಲೇ ಬರೆದಿರುತ್ತದೆ. ನಾವು ಹೆಚ್ಚಾಗಿ ಹೋಗುವ ದಾರಿಯಲ್ಲಿ ಸ್ಮೋಕ್ ಸರೋವರದಿಂದ ರ‍್ಯಾಗೆಡ್ ಸರೋವರಕ್ಕೆ 240 ಮೀಟರ್. ಅಲ್ಲಿಂದ ಬಿಗ್ ಪೊರ್ಕುಪೈನಿಗೆ 590 ಮೀಟರ್, ಅದೂ ಏರು. ಮನೆಯಲ್ಲಿ "ಇದೂ ಇರಲಿ" ಅಂತ ತುರುಕಿದ ಪ್ರತಿಯೊಂದು ಸಾಮಾನೂ ಆ 590 ಮೀಟರಿನಲ್ಲಿ ನೆನಪಾಗುತ್ತದೆ.

ಮೊದಲ ವರ್ಷ ಡ್ರೈ ಬ್ಯಾಗ್ ತಗೊಂಡಿದ್ದು ಎಲ್ಲರೂ ಅದನ್ನೇ ತಗೊಳ್ಳುತ್ತಾರೆ ಅಂತ. ನೀರು ಹೋಗದ ದಪ್ಪ ಬಟ್ಟೆಯ ಚೀಲ, ಬೆನ್ನಿಗೆ ಹಾಕಿಕೊಳ್ಳಲು ಎರಡು ಪಟ್ಟಿ. ಬಾಯಿಯನ್ನು ಮೂರು ನಾಲ್ಕು ಸುತ್ತು ಸುತ್ತಿ ಬಕಲ್ ಹಾಕಿದರೆ ಮುಗಿಯಿತು. ಹಗುರ. ಊಟ ಖಾಲಿಯಾದ ಹಾಗೆ ಚೀಲವೂ ಸಣ್ಣದಾಗುತ್ತದೆ. ಬೆನ್ನಿಗೆ ಮೆತ್ತಗೆ ಕೂರುತ್ತದೆ. ಬಟ್ಟೆಬರೆ, ಹಾಸಿಗೆಗೆ ಇವತ್ತಿಗೂ ಅದನ್ನೇ ಬಳಸುತ್ತೇವೆ. ಅದಕ್ಕೆ ಇಷ್ಟು ಒಳ್ಳೆಯ ಚೀಲ ಬೇರೆ ಇಲ್ಲ.

ಆದರೆ ಅದರಲ್ಲಿ ಅಡುಗೆ ಸಾಮಾನು ಇಟ್ಟುಕೊಂಡರೆ ಬಾಯಿಯದೇ ದೊಡ್ಡ ತಲೆನೋವು.

ಚೀಲ ಉದ್ದ, ಬಾಯಿ ಮೇಲೊಂದೇ. ಬೆಳಿಗ್ಗೆ ಎದ್ದು ಟೀ ಮಾಡೋಣ ಅಂದರೆ ಟೀಪುಡಿ ತಳದಲ್ಲಿ. ಅದನ್ನು ತೆಗೆಯಲು ಅವಲಕ್ಕಿ, ರವೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಚಪಾತಿ ಕಟ್ಟು ಎಲ್ಲವನ್ನೂ ಒಂದೊಂದಾಗಿ ಹೊರಗೆ ಇಡಬೇಕು. ಕೂರುವುದು ಎಲ್ಲಿ? ಬಂಡೆಯ ಮೇಲೆ. ಜೂನ್ ತಿಂಗಳಾದರೆ ಕರಿನೊಣಗಳು ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ಹುಡುಕಿ ಹುಡುಕಿ ಕಚ್ಚುತ್ತಿರುತ್ತವೆ. ಮಳೆ ಹನಿಯುತ್ತಿದ್ದರೆ ಟಾರ್ಪಾಲಿನ ಕೆಳಗೆ ಬಗ್ಗಿಕೊಂಡು ಇದೇ ಕೆಲಸ. ಬಣ್ಣಬಣ್ಣದ ಸಣ್ಣ ಚೀಲ ಮಾಡಿ ನೋಡಿದೆವು. ತಿಂಡಿಯದು ಕೆಂಪು, ರಾತ್ರಿ ಊಟದ್ದು ಹಸಿರು. ಬೇಕಾದ ಬಣ್ಣ ಯಾವಾಗಲೂ ತಳದಲ್ಲೇ ಇರುತ್ತಿತ್ತು.

ಇದನ್ನಾದರೂ ಸಹಿಸಿಕೊಳ್ಳಬಹುದು. ಬಾಯಿ ಸರಿಯಾಗಿ ಮುಚ್ಚದಿದ್ದರೆ ಏನು ಮಾಡುವುದು? ದಿನಕ್ಕೆ ನಾಲ್ಕೈದು ಸಲ ಬಿಚ್ಚಿ ಸುತ್ತುವಾಗ ಸುತ್ತಿನ ನಡುವೆ ರವೆಯ ಕಾಳು, ಮರಳು, ಪೈನ್ ಮರದ ಸೂಜಿಯಂಥ ಎಲೆ ಸೇರಿಕೊಳ್ಳುತ್ತದೆ. ಬೆರಳಲ್ಲಿ ಒರೆಸಿದರೂ ಒಂದೆರಡು ಕಾಳು ಮೂಲೆಯಲ್ಲಿ ಉಳಿಯುತ್ತವೆ. ಅವಸರದಲ್ಲಿ ಮೂರರ ಬದಲು ಎರಡೇ ಸುತ್ತು ಹಾಕಿರುತ್ತೇವೆ. ಎರಡನೇ ವರ್ಷ ಹಾಗೇ ಆಯಿತು. ಬಿಗ್ ಪೊರ್ಕುಪೈನಿನಲ್ಲಿ ಎದುರುಗಾಳಿ. ಹುಟ್ಟು ಹಾಕುವಾಗ ಹನಿಯುವ ನೀರು, ಮೇಲೆ ಹಾರಿದ ಅಲೆಯ ನೀರು ಎರಡೂ ಸೇರಿ ದೋಣಿಯ ತಳದಲ್ಲಿ ಒಂದು ಇಂಚು ನಿಂತಿತ್ತು. ಚೀಲ ಅಡ್ಡ ಮಲಗಿತ್ತು, ಬಾಯಿ ಆ ನೀರಿನಲ್ಲೇ. ಸಂಜೆ ಬಿಚ್ಚಿದರೆ ಎರಡು ದಿನಕ್ಕೆ ಅಂತ ಇಟ್ಟಿದ್ದ ಅವಲಕ್ಕಿ ಕವರಿನ ಸಮೇತ ನೆನೆದು ಮುದ್ದೆ. ಹುರಿದಿಟ್ಟಿದ್ದ ರವೆ ಒಂದು ಕಡೆ ಗಟ್ಟಿ ಕಟ್ಟಿತ್ತು. ಅವತ್ತು ರಾತ್ರಿ ಪುಳಿಯೋಗರೆ ತಿಂದೆವು, ಮಾರನೇ ದಿನವೂ ಅದೇ.

ಅದೇ ಪ್ರವಾಸದಲ್ಲಿ ಇನ್ನೊಂದಾಯಿತು. ನಾವು ಪೋರ್ಟೇಜನ್ನು ಎರಡು ಸಲ ನಡೆಯುತ್ತೇವೆ. ಮೊದಲು ಚೀಲಗಳು, ಆಮೇಲೆ ದೋಣಿ. ಅಂದರೆ ಊಟದ ಚೀಲ ಆ ಕಡೆ ದಡದಲ್ಲಿ ಅರ್ಧ ಗಂಟೆ ಒಂಟಿಯಾಗಿ ಇರುತ್ತದೆ. ದೋಣಿ ಹೊತ್ತು ವಾಪಸ್ ಬರುವಷ್ಟರಲ್ಲಿ ಚೀಲದ ಪಕ್ಕೆಯಲ್ಲಿ ಎಂಟಾಣೆ ಅಗಲದ ತೂತು. ಪಕ್ಕದಲ್ಲೇ ಚಿಪ್‌ಮಂಕ್ ಕೂತಿತ್ತು. ನಮ್ಮ ಮೂರು ಪಟ್ಟೆಯ ಅಳಿಲಿನ ಹಾಗೇ ಇರುವ ಪ್ರಾಣಿ, ಕೆನ್ನೆಯಲ್ಲಿ ಚೀಲ. ಎರಡೂ ಕೆನ್ನೆ ಉಬ್ಬಿತ್ತು. ಒಳಗೆ ನಮ್ಮ ಕಡಲೆಬೀಜ. ಮುಂಗಾಲಿನಲ್ಲಿ ಇನ್ನೊಂದು ಹಿಡಿದು ಅದನ್ನೂ ಒಳಗೆ ತಳ್ಳುತ್ತಿತ್ತು. ನಮ್ಮನ್ನು ನೋಡಿ ಓಡಲೂ ಇಲ್ಲ.

ತೂತಿಗೆ ಟೇಪ್ ಹಚ್ಚಿದೆ, ನಿಂತಿತು. ಹೋಗದೇ ಇದ್ದಿದ್ದು ವಾಸನೆ. ನಮ್ಮ ಅಡುಗೆಯ ಸಾಮಾನು ಅಂದರೆ ಇಂಗು, ಒಗ್ಗರಣೆ, ಬೆಳ್ಳುಳ್ಳಿ ಚಟ್ನಿಪುಡಿ. ಆ ಬಟ್ಟೆ ಅದನ್ನೆಲ್ಲ ಹೀರಿಕೊಂಡುಬಿಟ್ಟಿತು. ಅಡುಗೆ ಸೋಡಾ ಹಾಕಿ ತೊಳೆದೆ, ನಿಂಬೆಹಣ್ಣು ಉಜ್ಜಿದೆ, ಒಂದು ವಾರ ಬಿಸಿಲಿಗೆ ಹಾಕಿದೆ. ಮುಂದಿನ ಬೇಸಿಗೆಯಲ್ಲಿ ಬಾಯಿ ತೆರೆದರೆ ಇಂಗು ಘಮ್ಮೆಂದಿತು. ಕಪ್ಪು ಕರಡಿಗಳಿರುವ ಕಾಡಿಗೆ ಅಂಥ ಚೀಲ ಒಯ್ಯಲು ನನಗಂತೂ ಧೈರ್ಯವಿಲ್ಲ.

ಕರಡಿ ಡಬ್ಬಿ ತಂದಿದ್ದು ಈ ಭಯಕ್ಕೇ. ಗಟ್ಟಿ ಪ್ಲಾಸ್ಟಿಕ್ಕಿನ ದುಂಡನೆ ಡಬ್ಬಿ, ಕರಡಿ ಎಷ್ಟು ಉರುಳಿಸಿದರೂ ಬಾಯಿ ಬಿಡಬಾರದು ಅಂತ ಮಾಡಿದ್ದು. ಮೂರು ವ್ಯವಸ್ಥೆಗಳಲ್ಲಿ ಕರಡಿಗೆ ನಿಜವಾಗಿ ತಡೆಯಾಗುವುದು ಇದೊಂದೇ. ಒಬ್ಬರೇ ಹೋಗುವವರಿಗೆ ಚೆನ್ನಾಗಿದೆ. ನಮ್ಮಿಬ್ಬರ ಮೂರು ರಾತ್ರಿಯ ಅಕ್ಕಿ, ರವೆ, ಚಪಾತಿ ಅದರಲ್ಲಿ ಹಿಡಿಸಲಿಲ್ಲ. ಚಪಾತಿ ಮಡಚಿ ತುರುಕಿ ಎಲ್ಲ ಮುರಿದವು. ಚಳಿಯ ಬೆಳಿಗ್ಗೆ ಮರಗಟ್ಟಿದ ಬೆರಳಿನಲ್ಲಿ ಅದರ ಮುಚ್ಚಳ ತೆಗೆಯುವುದೂ ಕಷ್ಟ.

ಇನ್ನು ಡ್ರಮ್. ಬೆಂಗಳೂರಿನಲ್ಲಿ ನೀರು ತುಂಬಿಡುವ ನೀಲಿ ಡ್ರಮ್ ಗೊತ್ತಲ್ವಾ, ಅದರ ಮರಿ. ಇಲ್ಲಿಯವರು ಬ್ಯಾರೆಲ್ ಅನ್ನುತ್ತಾರೆ. ಆಲಿವ್ ಕಾಯಿ, ಉಪ್ಪುನೀರಿನ ಮೆಣಸಿನಕಾಯಿ ತುಂಬಿ ಸಾಗಿಸುವುದಕ್ಕೆ ಇಂಥವನ್ನೇ ಬಳಸುತ್ತಾರೆ. ಹಳೆಯದು ಕೊಂಡರೆ ಆ ವಾಸನೆ ಬರಬಹುದು, ನಾವು ಹೊಸದನ್ನೇ ತಗೊಂಡೆವು. ಕಪ್ಪು ಮುಚ್ಚಳ, ಅದರ ಅಂಚಿನಲ್ಲಿ ರಬ್ಬರ್ ಉಂಗುರ, ಸುತ್ತ ಒಂದು ಲೋಹದ ಬಳೆ. ಬಳೆಯ ಹಿಡಿಯನ್ನು ಎಳೆದು ಒತ್ತಿದರೆ ಟಕ್ ಅಂತ ಕೂರುತ್ತದೆ. ಆ ಟಕ್ ಕೇಳಿಸಿದರೆ ನಿಶ್ಚಿಂತೆ. ರಬ್ಬರನ್ನು ಒಂದು ಸಲ ಬೆರಳಲ್ಲಿ ಸವರಿ ಕಾಳು ಕೂತಿಲ್ಲ ಅಂತ ನೋಡಿಕೊಂಡರೆ ಸಾಕು.

ಬಾಯಿ ಎಷ್ಟು ಅಗಲ ಅಂದರೆ ಮೇಲಿನಿಂದ ನೋಡಿದರೆ ಹೆಚ್ಚು ಕಡಿಮೆ ಎಲ್ಲ ಕಾಣುತ್ತದೆ. ಟೀ, ಸಕ್ಕರೆ, ಹಾಲಿನಪುಡಿ ಮೇಲಿನ ಒಂದು ಬಟ್ಟೆಚೀಲದಲ್ಲಿ. ಕೆಳಗೆ ದಿನಕ್ಕೊಂದು ಗಂಟು, ಕೊನೆಯ ದಿನದ್ದು ತಳದಲ್ಲಿ. ಚಪಾತಿ ಮುರಿಯುವುದಿಲ್ಲ. ಟೊಮೆಟೊ ಜಜ್ಜಿಹೋಗುವುದಿಲ್ಲ. ಕ್ಯಾಂಪಿನಲ್ಲಿ ಮುಚ್ಚಳ ಹಾಕಿ ಅದರ ಮೇಲೆ ಕೂತು ಈರುಳ್ಳಿ ಹೆಚ್ಚುತ್ತೇನೆ. ಹಾಗಾಗಿ ಮಡಚುವ ಕುರ್ಚಿ ಈಗ ಮನೆಯಲ್ಲೇ ಉಳಿಯುತ್ತದೆ. ಉಪ್ಪಿನಕಾಯಿ ಮಾತ್ರ ಗಾಜಿನ ಬಾಟಲಿಯಲ್ಲಿ ತರಬೇಡಿ. ಪಾರ್ಕಿನ ಒಳಭಾಗದಲ್ಲಿ ಊಟ, ಪಾನೀಯದ ಗಾಜಿನ ಬಾಟಲಿ, ಡಬ್ಬಿ ಟಿನ್ ತರುವ ಹಾಗಿಲ್ಲ. ನಾವು ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಳ್ಳುತ್ತೇವೆ.

ತೊಳೆಯುವುದಂತೂ ಸುಲಭ. ಬಿಸಿನೀರು, ಸೋಪು, ಬಾಲ್ಕನಿಯಲ್ಲಿ ಒಂದು ದಿನ ಬಾಯಿ ತೆರೆದಿಟ್ಟರೆ ಇಂಗಿನ ವಾಸನೆ ಮಾಯ.

ಒಂದು ವಿಷಯ ಸರಿಯಾಗಿ ತಿಳಿದಿರಬೇಕು. ಡ್ರಮ್ ಇದೆ ಅಂದಮಾತ್ರಕ್ಕೆ ಕರಡಿ ಮುರಿಯಲಾರದು ಅಂತಲ್ಲ. ಅದು ವಾಸನೆಯನ್ನು ಬಹುಮಟ್ಟಿಗೆ ಒಳಗೆ ಹಿಡಿದಿಡುತ್ತದೆ, ಇಲಿ, ಅಳಿಲು, ಚಿಪ್‌ಮಂಕನ್ನು ದೂರ ಇಡುತ್ತದೆ, ಅಷ್ಟೇ. ನಾವು ರಾತ್ರಿ ಅದನ್ನೂ ಹಗ್ಗ ಹಾಕಿ ಮರಕ್ಕೆ ಎತ್ತಿಕಟ್ಟುತ್ತೇವೆ. ನೆಲದಿಂದ ನಾಲ್ಕು ಮೀಟರ್ ಮೇಲೆ, ಕಾಂಡದಿಂದ ಎರಡು ಮೀಟರ್ ಆಚೆ. ಕತ್ತಲಾಗುವ ಮೊದಲೇ ಕೊಂಬೆ ನೋಡಿಟ್ಟುಕೊಳ್ಳಿ.

ಕೊರತೆ ಇಲ್ಲವೇ? ಇದೆ. ಬೆನ್ನು. ಗಟ್ಟಿ ವಸ್ತು, ದುಂಡಗಿನ ಆಕಾರ. ಮೊದಲ ಸಲ ಅಗ್ಗದ ಬೆನ್ನುಪಟ್ಟಿ ಕಟ್ಟಿಕೊಂಡು ಹೋಗಿ ಡ್ರಮ್ಮಿನ ಅಂಚು ಸೊಂಟದ ಮೇಲೆ ಒತ್ತಿ ಒತ್ತಿ ಕೆಂಪಗಾಯಿತು. ಆಮೇಲೆ ದಪ್ಪ ಮೆತ್ತೆ, ಸೊಂಟಪಟ್ಟಿ ಇರುವುದನ್ನು ತಗೊಂಡೆ. ಅದು ಡ್ರಮ್ಮಿಗಿಂತ ದುಬಾರಿ. ಹಳೆಯ ಕಾಲದ ಕನೂ ಪ್ರಯಾಣಿಕರ ಹಾಗೆ ನೆತ್ತಿಯ ಮೇಲೆ ಪಟ್ಟಿ ಹಾಕಿ ಭಾರ ಹೊರುವವರು ಇವತ್ತಿಗೂ ಇದ್ದಾರೆ. ಟಂಪ್‌ಲೈನ್ ಅದರ ಹೆಸರು. ತಲೆಯ ಮೇಲೆ ಸಿಂಬೆ ಇಟ್ಟು ಹೊರೆ ಹೊರುವ ನಮ್ಮೂರಿನ ಹೆಂಗಸರು ನೆನಪಾದರು. ಕುತ್ತಿಗೆ ಪಳಗಿರಬೇಕು, ನನ್ನದು ಪಳಗಿಲ್ಲ.

60 ಲೀಟರಿನದು ಇಬ್ಬರಿಗೆ ಬೇಡವೇ ಬೇಡ. ಜಾಗ ಇದೆಯಲ್ಲ ಅಂತ ತುಂಬುತ್ತೀರಿ, ಆಮೇಲೆ ಎತ್ತಲಾಗುವುದಿಲ್ಲ.

ಐಸ್ ಪೆಟ್ಟಿಗೆ: ಬಿಡಿ.

ಪ್ರೆಷರ್ ಕುಕ್ಕರ್ ಒಂದು ಸಲ ಒಯ್ದೆವು. ಈಗ ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ ಮುಚ್ಚಿದ ಪಾತ್ರೆಯಲ್ಲಿ ಬೇಯಿಸುತ್ತೇವೆ. ಬೇಳೆಯ ಬದಲು ಮನೆಯಲ್ಲೇ ಹುರಿದು ಪುಡಿ ಮಾಡಿದ ಹೆಸರುಬೇಳೆ.

ದುಡ್ಡಿನ ಮಾತು. ಡ್ರಮ್ ಮತ್ತು ಒಳ್ಳೆಯ ಬೆನ್ನುಪಟ್ಟಿ ಸೇರಿ ನಮಗೆ 200 ಡಾಲರ್ ದಾಟಿತು. ಡ್ರೈ ಬ್ಯಾಗ್ ಅದರ ಅರ್ಧಕ್ಕೇ ಬಂದಿತ್ತು. ವರ್ಷಕ್ಕೆ ಒಂದೇ ಸಲ, ಒಂದೇ ರಾತ್ರಿಗೆ ಹೋಗುವವರು ಕೊಳ್ಳುವುದು ಬೇಡ. ದೋಣಿ ಬಾಡಿಗೆಗೆ ಕೊಡುವ ಕಡೆಯಲ್ಲೇ ಡ್ರಮ್ಮೂ ಬಾಡಿಗೆಗೆ ಸಿಗುತ್ತದೆ. ಬರೀ ಒಣ ಪ್ಯಾಕೆಟ್ ಊಟಕ್ಕೆ ನೀರು ಸುರಿದು ತಿನ್ನುವವರಿಗೆ ಡ್ರೈ ಬ್ಯಾಗೇ ಸಾಕು, ಅವರು ದಿನಕ್ಕೆ ಎರಡೇ ಸಲ ಬಾಯಿ ಬಿಚ್ಚುತ್ತಾರೆ. ನಾವು ಹಾಗಲ್ಲ. ಕಾಡಿನಲ್ಲೂ ಒಗ್ಗರಣೆ ಹಾಕುತ್ತೇವೆ, ಸಂಜೆ ಟೀ ಜೊತೆ ಕೋಡುಬಳೆ ಬೇಕು, ಮೂರು ರಾತ್ರಿಗಿಂತ ಕಡಿಮೆ ಹೋಗುವುದಿಲ್ಲ. ನಮಗೆ ಡ್ರಮ್ಮೇ ಸರಿ.

ಸೆಪ್ಟೆಂಬರಿನಲ್ಲಿ ಮತ್ತೆ ಹೊರಡುತ್ತೇವೆ, ಅಷ್ಟರಲ್ಲಿ ಕರಿನೊಣ ಇರುವುದಿಲ್ಲ. ಡ್ರಮ್ಮಿನ ಲೋಹದ ಬಳೆಯನ್ನು ಈಗಲೇ ಮುಚ್ಚಳಕ್ಕೆ ದಾರದಿಂದ ಕಟ್ಟಿಟ್ಟಿದ್ದೇನೆ. ಅದನ್ನು ಮನೆಯಲ್ಲಿ ಮರೆತು ಹೋದರೆ ಆ ಡ್ರಮ್ ಮುಚ್ಚುವುದೇ ಇಲ್ಲ.